ಹೊಸ ಕ್ಯಾರವಾನಿಗೆ ದುಡ್ಡು ಕೊಡೋ ಮುಂಚೆ ನೀರು ಹಾಕಿ ನೋಡಿ

ದಿಬ್ಬೂರಹಳ್ಳಿಯಲ್ಲಿರೋ ನನ್ನ ಸೋದರಮಾವ ಈಚೆಗೆ ಫೋನ್ ಮಾಡಿ, "ಇಂಜಿನಿಯರಿಂಗ್ ಓದಿ ಪೇಪರಿಗೆ ಬರೀತಾ ಕೂತಿದೀಯ. ಓದಿದ್ದು ಒಂದು ದಿನಕ್ಕಾದ್ರೂ ಉಪಯೋಗಕ್ಕೆ ಬರ್ಲಿ, ಬಾರಪ್ಪ. ಒಂದು ಗಾಡಿ ನೋಡ್ಬೇಕು" ಅಂದರು. ಟ್ರ್ಯಾಕ್ಟರ್ ಇರಬಹುದು ಅಂದುಕೊಂಡೆ. ಅಲ್ಲ, ಕ್ಯಾರವಾನ್. ಒಳಗೇ ಹಾಸಿಗೆ, ಒಲೆ, ಶೌಚಾಲಯ ಇರುವ ಗಾಡಿ. ಸಿನಿಮಾ ಶೂಟಿಂಗ್ ಜಾಗದಲ್ಲಿ ನಟರು ಕೂರೋಕೆ ನಿಲ್ಲಿಸಿರ್ತಾರಲ್ಲ, ಅಂಥದ್ದು.

ಹಿಪ್ಪುನೇರಳೆ ಬೆಳೆದು, ಹುಳು ಮೇಯಿಸಿ ಬದುಕಿದ ಮನುಷ್ಯನಿಗೆ ಈ ಶೋಕಿ ಎಲ್ಲಿಂದ ಬಂತು ಅಂತ ನಗಬಹುದು. ನಾನೂ ನಕ್ಕೆ. ಆಮೇಲೆ ಅತ್ತೆ ಫೋನ್ ಇಸ್ಕೊಂಡು ಹೇಳಿದ್ದು ಕೇಳಿ ನಗು ನಿಂತಿತು. ಅವರಿಗೆ ಮೂತ್ರದ ತೊಂದರೆ. ಮುಕ್ಕಾಲು ಗಂಟೆಗೊಮ್ಮೆ ಹೋಗಲೇಬೇಕು. ಮಂಡಿ ನೋವು ಬೇರೆ, ಹೆದ್ದಾರಿ ಪಕ್ಕದ ಶೌಚಾಲಯಗಳಲ್ಲಿ ಕೂತು ಏಳೋಕೆ ಆಗಲ್ಲ. ಆರು ವರ್ಷದಿಂದ ಅವರು ತಿರುಪತಿಗೆ ಹೋಗಿಲ್ಲ, ಮಗಳ ಮನೆಯ ಗೃಹಪ್ರವೇಶಕ್ಕೂ ಹೋಗಲಿಲ್ಲ. ಮಾವ ಮುಕ್ಕಾಲು ಎಕರೆ ಮಾರಿದ ದುಡ್ಡು ಬ್ಯಾಂಕಲ್ಲಿದೆ. ಕೊಟೇಶನ್ ಮೂವತ್ತು ಲಕ್ಷ ದಾಟಿದೆ. ಗಾಡಿ ಕೆಟ್ಟದ್ದು ಬಂದರೆ ಅವರಿಗೆ ಇನ್ನೊಂದು ಮುಕ್ಕಾಲು ಎಕರೆ ಇಲ್ಲ.

ಹಾಗಾಗಿ ಈ ಬರಹ. ಕ್ಯಾರವಾನ್ ಕೊಳ್ಳೋರು ನಮ್ಮಲ್ಲಿ ಕಡಿಮೆ. ಆದರೆ ಮಿನಿ ಬಸ್ಸು, ಶಾಲಾ ವಾಹನ, ಆಂಬುಲೆನ್ಸ್, ಹೀಗೆ ಚಾಸಿ ಒಬ್ಬರದು, ಬಾಡಿ ಇನ್ನೊಬ್ಬರದು ಆಗಿರುವ ಯಾವ ಗಾಡಿಗೆ ದುಡ್ಡು ಹಾಕುವವರಿಗೂ ಇಲ್ಲಿರುವ ಬಹುಪಾಲು ಮಾತು ಅನ್ವಯಿಸುತ್ತದೆ.

ಒಂದು ಗಾಡಿ, ನಾಲ್ಕು ಮಾಲೀಕರು

ಕಾರು ಒಂದೇ ಕಾರ್ಖಾನೆಯಿಂದ ಪೂರ್ತಿಯಾಗಿ ಬರುತ್ತೆ. ಏನೇ ಕೆಟ್ಟರೂ ಬಯ್ಯೋಕೆ ಒಬ್ಬರೇ. ಕ್ಯಾರವಾನ್ ಹಾಗಲ್ಲ. ಇಂಜಿನ್, ಗೇರು, ಬ್ರೇಕು, ಚಕ್ರ ಇರುವ ಚಾಸಿ ಅಥವಾ ಖಾಲಿ ವ್ಯಾನು ದೊಡ್ಡ ಕಂಪನಿಯದು. ಅದರ ಮೇಲೆ ಮನೆ ಕಟ್ಟುವವರು ಬಾಡಿ ಬಿಲ್ಡರ್. ಎಸಿ, ಫ್ರಿಜ್ಜು, ಇನ್ವರ್ಟರ್ ಮೂರನೆಯವರದು. ಬ್ಯಾಟರಿ ನಾಲ್ಕನೆಯವರದು. ನಾಲ್ಕು ವಾರಂಟಿ ಕಾರ್ಡ್, ನಾಲ್ಕು ಅವಧಿ, ನಾಲ್ಕು ಷರತ್ತು.

ಕೆಟ್ಟಾಗ ಏನಾಗುತ್ತೆ ಅಂತ ಊಹಿಸಿಕೊಳ್ಳಿ. ಬೆಳಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಚಾಸಿ ಕಂಪನಿಯವರು "ಬಾಡಿ ಕಟ್ಟಿದೋರು ನಮ್ಮ ವೈರಿಂಗ್ ಕತ್ತರಿಸಿದಾರೆ, ವಾರಂಟಿ ಸಿಗಲ್ಲ" ಅಂತಾರೆ. ಬಾಡಿ ಬಿಲ್ಡರ್ "ಇನ್ವರ್ಟರ್ ಕರೆಂಟ್ ಎಳೀತಿದೆ" ಅಂತಾರೆ. ಇನ್ವರ್ಟರಿನವರು "ಬ್ಯಾಟರಿ ಸರಿ ಇಲ್ಲ" ಅಂತಾರೆ. ಎಲ್ಲರೂ ಹೇಳೋದು ಅರ್ಧ ನಿಜವೇ ಇರುತ್ತೆ, ಗಾಡಿ ಮಾತ್ರ ಅಲ್ಲೇ ನಿಂತಿರುತ್ತೆ. ಈ ಗಾಡಿಗಳ ದೊಡ್ಡ ತೊಂದರೆ ಸಾಮಾನ್ಯವಾಗಿ ಇಂಜಿನ್ನಿನಲ್ಲಿ ಇರೋದಿಲ್ಲ. ಒಬ್ಬರ ಕೆಲಸ ಮುಗಿದು ಇನ್ನೊಬ್ಬರ ಕೆಲಸ ಶುರುವಾಗುವ ಜಾಗದಲ್ಲಿ, ಅಂದ್ರೆ ಜೋಡಣೆಯಲ್ಲಿ ಇರುತ್ತೆ.

ನಮ್ಮ ಕೆಎಸ್‌ಆರ್‌ಟಿಸಿ ಕೂಡ ಕೆಂಗೇರಿ, ಹಾಸನದ ವರ್ಕ್‌ಶಾಪುಗಳಲ್ಲಿ ಚಾಸಿ ಮೇಲೆ ತಾನೇ ಬಾಡಿ ಕಟ್ಟಿದೆ. ಅಲ್ಲಿ ಬೋಲ್ಟ್ ಸಡಿಲ ಆದರೆ ಬಸ್ಸು ಡಿಪೋಗೆ ಬಂದಾಗ ಮೆಕ್ಯಾನಿಕ್ ಕಣ್ಣಿಗೆ ಬೀಳುತ್ತೆ. ಮಾವನ ಗಾಡಿ ಬರೋದು ಹುಳುಮನೆ ಪಕ್ಕದ ಶೆಡ್ಡಿಗೆ. ಅಲ್ಲಿ ಡಿಪೋ ಇಲ್ಲ, ಮೆಕ್ಯಾನಿಕ್ ಇಲ್ಲ. ಹಾಗಾಗಿ ಕೊಳ್ಳುವ ದಿನವೇ ನಾವು ಡಿಪೋ ಕೆಲಸ ಮಾಡಬೇಕು.

ಗೂಡಿನ ರಾಶಿಗೆ ಕೈ ಹಾಕಿದ ಹಾಗೆ

ಬೆಂಗಳೂರಿನ ಹೊರವಲಯದ ಒಂದು ಶೆಡ್ಡಿಗೆ ಮೂವರೂ ಹೋದೆವು. ಗಾಡಿ ಮದುವೆ ಮನೆ ಹಾಗೆ ಹೊಳೀತಿತ್ತು. ನೀಲಿ ದೀಪ, ಗೋಡೆಗೆ ಟಿವಿ, ಚರ್ಮದಂಥ ಸೀಟು. ಮಾವ ಸೀಟಿನ ಮೇಲೆ ಕೈಯಾಡಿಸಿ, "ಚೆನ್ನಾಗಿದೆ ಕಣೋ" ಅಂದರು. ಅಡ್ವಾನ್ಸಿನ ಚೆಕ್ಕು ಜೇಬಲ್ಲೇ ಇತ್ತು.

ನಾನು ಒಂದೇ ಪ್ರಶ್ನೆ ಕೇಳಿದೆ: "ಮಾವ, ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಲ್ಲಿ ರೀಲರು ನಿಮ್ಮ ಗೂಡನ್ನ ಮೇಲ್ಮೇಲೆ ನೋಡಿ ರೇಟು ಹೇಳ್ತಾನಾ?" ಅವರಿಗೆ ತಕ್ಷಣ ಅರ್ಥವಾಯಿತು. ರೀಲರು ರಾಶಿಯ ತಳಕ್ಕೆ ಕೈ ಹಾಕ್ತಾರೆ. ಒಂದು ಗೂಡು ತೆಗೆದು ಕಿವಿ ಹತ್ತಿರ ಅಲ್ಲಾಡಿಸ್ತಾರೆ. ಕಲೆ ಬಿದ್ದ ಗೂಡು, ಜೋಡಿಗೂಡು ಎಷ್ಟಿವೆ ಅಂತ ಎಣಿಸ್ತಾರೆ. ನಲವತ್ತು ವರ್ಷ ಆ ಪರೀಕ್ಷೆಗೆ ನಿಂತ ಮನುಷ್ಯ, ತಾನು ಕೊಳ್ಳೋ ಹೊತ್ತಿಗೆ ನೀಲಿ ದೀಪ ನೋಡಿ ಚೆಕ್ಕು ತೆಗೀತಿದ್ದರು.

ಅಲ್ಲಿಂದ ಮುಂದೆ ನಾವು ನೋಡಿದ್ದು ನಾಲ್ಕು ವಿಷಯ: ನೀರು, ತೂಕ, ಕರೆಂಟು, ಗ್ಯಾಸು.

ನೀರು

ಎಸಿ ಕೂರಿಸೋಕೆ, ಗಾಳಿಕಿಂಡಿಗೆ, ಸೋಲಾರ್ ಪ್ಯಾನೆಲ್ಲಿಗೆ, ಹೀಗೆ ಚಾವಣಿಯಲ್ಲಿ ಐದಾರು ಕಡೆ ತೂತು ಕೊರೆದಿರ್ತಾರೆ. ಪ್ರತಿ ತೂತಿನ ಸುತ್ತ ಸೀಲೆಂಟ್ ಹಚ್ಚಿರ್ತಾರೆ. ಗಾಡಿ ಓಡುವಾಗ ಬಾಡಿ ಸ್ವಲ್ಪ ತಿರುಚುತ್ತೆ, ಬಿಸಿಲಿಗೆ ತಗಡು ಹಿಗ್ಗುತ್ತೆ, ರಾತ್ರಿ ಕುಗ್ಗುತ್ತೆ. ಸೀಲೆಂಟ್ ಎಲ್ಲಿ ಬಿಟ್ಟಿತೋ ಅಲ್ಲಿ ನೀರು ಇಳಿಯುತ್ತೆ. ಅದು ತಕ್ಷಣ ತೊಟ್ಟಿಕ್ಕೋದೂ ಇಲ್ಲ. ಒಳಗಿನ ಫೋಮು, ಪ್ಲೈವುಡ್ ಕುಡಿದುಕೊಂಡು ಸುಮ್ಮನಿರುತ್ತವೆ. ವರ್ಷ ಕಳೆದ ಮೇಲೆ ಪ್ಲೈವುಡ್ ಉಬ್ಬಿ ಪದರ ಪದರ ಬಿಟ್ಟುಕೊಳ್ಳುತ್ತೆ. ಆಗ ರಿಪೇರಿ ಅಂದ್ರೆ ಒಳಮನೆಯನ್ನೇ ಬಿಚ್ಚಬೇಕು.

ಪರೀಕ್ಷೆ ಸುಲಭ. ತೋಟದ ಪೈಪ್ ತಗೊಂಡು ಚಾವಣಿ, ಕಿಟಕಿ, ಬಾಗಿಲಿನ ಅಂಚಿಗೆ ಅರ್ಧ ಗಂಟೆ ನೀರು ಬಿಡಿ. ಒಳಗೆ ಒಬ್ಬರು ಇರಲಿ. ಕಪಾಟುಗಳ ಬಾಗಿಲು ತೆಗೆದು ಮೂಲೆಗಳಿಗೆ ಒಣ ಟಿಶ್ಯೂ ಒತ್ತಿ ನೋಡಲಿ. ಶೆಡ್ಡಿನವರು "ಇದೆಲ್ಲ ನಾವು ಮಾಡಿದೀವಿ ಸಾರ್" ಅಂದರು. "ನಮ್ಮ ಮುಂದೆ ಇನ್ನೊಂದ್ಸಲ ಮಾಡಿ" ಅಂದೆ. ಅತ್ತೆ ಸುಸ್ತಾಗಿ ಹಾಸಿಗೆ ಮೇಲೆ ಮಲಗಿದ್ದರು. ಇಪ್ಪತ್ತು ನಿಮಿಷ ಆಗಿರಬೇಕು, ಒಳಗಿಂದ ಅವರ ದನಿ: "ಏನ್ರೀ, ನನ್ನ ಹಣೆ ಮೇಲೆ ಹನಿ ಬಿತ್ತು."

ಪ್ಲೈವುಡ್ ಯಾವುದು ಅಂತಲೂ ಕೇಳಿ. ಸಾಮಾನ್ಯ ಪ್ಲೈವುಡ್ಡಿಗೆ ಐಎಸ್ 303, ನೀರು ತಡೆಯುವ ಮರೈನ್ ಪ್ಲೈವುಡ್ಡಿಗೆ ಐಎಸ್ 710 ಅನ್ನೋ ಮಾನಕ ಇದೆ. ಶೌಚಾಲಯದ ಗೋಡೆ, ಸಿಂಕಿನ ಕೆಳಗೆ, ನೆಲಕ್ಕೆ ಯಾವುದು ಹಾಕಿದಾರೆ ಅನ್ನೋದು ಬಿಲ್ಲಿನಲ್ಲಿ ಬರೆದಿರಲಿ. "ವಾಟರ್‌ಪ್ರೂಫ್ ಸಾರ್" ಅನ್ನೋ ಬಾಯಿಮಾತು ಮಳೆಗಾಲಕ್ಕೆ ನಿಲ್ಲಲ್ಲ.

ತೂಕ

ಪ್ರತಿ ಚಾಸಿಗೂ ಗರಿಷ್ಠ ಒಟ್ಟು ತೂಕದ ಮಿತಿ ಇದೆ. ಗಾಡಿ, ಜನ, ನೀರು, ಸಾಮಾನು ಎಲ್ಲ ಸೇರಿ ಅದರೊಳಗೆ ಇರಬೇಕು. ಒಂದು ಉದಾಹರಣೆ ಲೆಕ್ಕ ಮಾಡೋಣ. ಮಿತಿ 4,000 ಕೆ.ಜಿ., ಮನೆ ಕಟ್ಟಿದ ಮೇಲೆ ಖಾಲಿ ಗಾಡಿ 3,350 ಕೆ.ಜಿ. ಅಂತಿಟ್ಟುಕೊಳ್ಳಿ. ಉಳಿದದ್ದು 650. ಐದು ಜನ ಹತ್ತಿದರೆ 350 ಹೋಯಿತು. 120 ಲೀಟರ್ ನೀರು ಅಂದ್ರೆ 120 ಕೆ.ಜಿ. ತುಂಬಿದ ಮನೆಬಳಕೆ ಸಿಲಿಂಡರಿನಷ್ಟು ಗ್ಯಾಸ್ ಹೊರೆ ಸುಮಾರು 30. ಬಟ್ಟೆ, ಹಾಸಿಗೆ, ಪಾತ್ರೆ, ಅಕ್ಕಿಬೇಳೆ 100. ಕೊನೆಗೆ ಕೈಯಲ್ಲಿ ಉಳಿಯೋದು 50 ಕೆ.ಜಿ. ಇದೇ ಗಾಡಿಗೆ ಬಿಲ್ಡರ್ ಅಂದಕ್ಕೆ ಗ್ರಾನೈಟ್ ಹಲಗೆ, ದಪ್ಪ ಗಾಜು, ಇನ್ನೆರಡು ಬ್ಯಾಟರಿ ಹಾಕಿ 150 ಕೆ.ಜಿ. ಏರಿಸಿದರೆ, ನೀವು ಮನೆಯಿಂದ ಹೊರಡುವಾಗಲೇ ಮಿತಿ ಮೀರಿರ್ತೀರಿ. ಮೊದಲು ಸವೆಯೋದು ಟೈರು, ಆಮೇಲೆ ಸಸ್ಪೆನ್ಷನ್. ಘಾಟಿ ಇಳಿಯುವಾಗ ಬ್ರೇಕು ಕಾಯುತ್ತೆ.

ಇದಕ್ಕೆ ದೊಡ್ಡ ಲ್ಯಾಬು ಬೇಡ. ಟೊಮೆಟೊ ಲಾರಿ ತೂಗುವ ವೇಬ್ರಿಡ್ಜ್ ಸಾಕು. ನೀರು ತುಂಬಿಸಿ ಮೊದಲು ಪೂರ್ತಿ ಗಾಡಿ ತೂಗಿ. ಆಮೇಲೆ ಮುಂದಿನ ಚಕ್ರ ಮಾತ್ರ ಹತ್ತಿಸಿ, ಬಳಿಕ ಹಿಂದಿನದು ಮಾತ್ರ ಹತ್ತಿಸಿ ಚೀಟಿ ತಗೊಳ್ಳಿ. ನೀರಿನ ಟ್ಯಾಂಕು, ಬ್ಯಾಟರಿ, ಶೌಚಾಲಯ ಎಲ್ಲ ಹಿಂದೆಯೇ ತುಂಬಿದ್ದರೆ ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಆಕ್ಸಲ್ ಮಿತಿ ಮೀರಿರುತ್ತೆ. ಮುಂದಿನ ಚಕ್ರ ಹಗುರಾಗಿ ಸ್ಟಿಯರಿಂಗ್ ತೇಲಿದ ಹಾಗಾಗುತ್ತೆ.

ಕರೆಂಟು

"ರಾತ್ರಿಯೆಲ್ಲ ಎಸಿ ಓಡುತ್ತೆ, ಇಂಜಿನ್ ಬೇಡ" ಅಂದರು ಶೆಡ್ಡಿನವರು. ಬ್ಯಾಟರಿ ಎಷ್ಟು ಅಂತ ಕೇಳಿದೆ. 12 ವೋಲ್ಟಿನ 200 ಆಂಪಿಯರ್-ಅವರ್ ಬ್ಯಾಟರಿ ಎರಡು. ಗುಣಿಸಿ: 12 × 200 × 2, ಅಂದ್ರೆ 4,800 ವ್ಯಾಟ್-ಅವರ್, ನಮ್ಮ ಮೀಟರಿನ ಭಾಷೆಯಲ್ಲಿ 4.8 ಯೂನಿಟ್. ಸೀಸದ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ಹಿಂಡಿದಷ್ಟೂ ಅದರ ಆಯಸ್ಸು ಕಮ್ಮಿ. ಎಸಿ ಸರಾಸರಿ ಗಂಟೆಗೆ ಒಂದು ಯೂನಿಟ್ ಎಳೆದರೂ ಎಂಟು ಗಂಟೆಗೆ ಎಂಟು ಯೂನಿಟ್ ಬೇಕು. ಹತ್ತನೇ ಕ್ಲಾಸಿನ ಲೆಕ್ಕ ಇದು. ಆದರೂ ಮಾರುವವರು ಹೇಳ್ತಾರೆ, ಕೊಳ್ಳುವವರು ಒಪ್ತಾರೆ.

ಲೆಕ್ಕ ತಪ್ಪಿದರೆ ಸೆಖೆಯಾಗುತ್ತೆ ಅಷ್ಟೇ. ವೈರಿಂಗ್ ತಪ್ಪಿದರೆ ಬೆಂಕಿ ಬೀಳುತ್ತೆ. ಮನೆಯ 230 ವೋಲ್ಟಿನಲ್ಲಿ 1,000 ವ್ಯಾಟಿಗೆ ನಾಲ್ಕೂವರೆ ಆಂಪಿಯರಿಗಿಂತ ಕಮ್ಮಿ ಸಾಕು. 12 ವೋಲ್ಟಿನಲ್ಲಿ ಅದೇ 1,000 ವ್ಯಾಟಿಗೆ 83 ಆಂಪಿಯರ್ ಹರಿಯಬೇಕು. ಮನೆ ವೈರಿಂಗ್ ಮಾಡಿ ಅಭ್ಯಾಸ ಇರೋರು ಇಲ್ಲೂ ತೆಳು ವೈರು ಎಳೆದರೆ ಅದು ಒಲೆಯ ಕಾಯಿಲ್ ಆಗುತ್ತೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇದೆಯಾ ನೋಡಿ. ತಗಡಿನ ತೂತಿನಲ್ಲಿ ವೈರು ಹಾಯುವ ಕಡೆ ರಬ್ಬರ್ ಬುಷ್ ಇರಬೇಕು. ಇಲ್ಲದಿದ್ದರೆ ನಮ್ಮ ರಸ್ತೆಯ ಅಲುಗಾಟಕ್ಕೆ ತಗಡೇ ಗರಗಸವಾಗಿ ವೈರನ್ನು ಕೊಯ್ಯುತ್ತೆ. ಸ್ಟಾರ್ಟಿಂಗ್ ಬ್ಯಾಟರಿ ಬೇರೆ, ಮನೆ ಬ್ಯಾಟರಿ ಬೇರೆ ಇರಲಿ. ಹೊರಗಿನ 230 ವೋಲ್ಟ್ ಕೊಡುವ ಕಡೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯಾ ಅಂತ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ವೈರಿಂಗ್ ನಕ್ಷೆ ಕೇಳಿ. ಕೊಡದಿದ್ದರೆ ನಕ್ಷೆಯೇ ಇಲ್ಲ ಅಂತ ಅನುಮಾನಿಸಿ.

ಗ್ಯಾಸು ಮತ್ತು ಬೆಂಕಿ

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗಲ್ಲ, ನೆಲದಲ್ಲಿ, ಹಾಸಿಗೆಯ ಕೆಳಗಿನ ಪೆಟ್ಟಿಗೆಯಲ್ಲಿ ತುಂಬಿಕೊಳ್ಳುತ್ತೆ. ಹಾಗಾಗಿ ಸಿಲಿಂಡರ್ ಇಡುವ ಗೂಡು ಒಳಮನೆಗೆ ಪೂರ್ತಿ ಮುಚ್ಚಿದ್ದು, ತಳದಲ್ಲಿ ಹೊರಕ್ಕೆ ಕಿಂಡಿ ಇರಬೇಕು. ನಾವು ನೋಡಿದ ಗಾಡಿಯಲ್ಲಿ ಕಿಂಡಿ ಇತ್ತು, ಆದರೆ ಮೇಲುಗಡೆ. ಅಂದಕ್ಕೆ ಅಲ್ಲಿಟ್ಟಿದ್ದರಂತೆ.

ಇದು ಅತಿ ಎಚ್ಚರಿಕೆ ಅನ್ನಿಸಿದರೆ, ಚಿಕ್ಕಬಳ್ಳಾಪುರ, ಬಾಗೇಪಲ್ಲಿ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 44ನ್ನೇ ನೆನಪಿಸಿಕೊಳ್ಳಿ. ಇದೇ ದಾರಿಯಲ್ಲಿ 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಪಾಲೆಂ ಬಳಿ ಮೋರಿಗೆ ಬಡಿದು ಹೊತ್ತಿಕೊಂಡು 45 ಜನ ಸತ್ತರು. 2025ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಕರ್ನೂಲಿನ ಬಳಿ ಬೈಕಿಗೆ ಡಿಕ್ಕಿಯಾಗಿ ಉರಿದು 19 ಪ್ರಯಾಣಿಕರು ಸತ್ತರು. ಆ ಬಸ್ಸು ಸೀಟರ್ ಆಗಿ ನೋಂದಣಿಯಾಗಿ ಬಳಿಕ ಸ್ಲೀಪರ್ ಆಗಿ ಬದಲಾಗಿತ್ತು ಎಂದು ವರದಿಯಾಯಿತು. ಎರಡೂ ಕಡೆ ಬೆಂಕಿ ಶುರುವಾದ ಕಾರಣ ಬೇರೆ. ಆದರೆ ಮಲಗಿದ ಜನ ಎಷ್ಟು ಬೇಗ ಹೊರಬರಬಲ್ಲರು ಅನ್ನೋದನ್ನು ಒಳಗಿನ ಫೋಮು, ಪರದೆ, ದಾರಿ, ಬಾಗಿಲು ನಿರ್ಧರಿಸುತ್ತವೆ.

ಕ್ಯಾರವಾನೂ ಮಲಗುವ ಗಾಡಿಯೇ. ಒಳಗಿನ ಬಟ್ಟೆ, ಫೋಮಿಗೆ ಐಎಸ್ 15061 ಪ್ರಕಾರ ಬೆಂಕಿ ಪರೀಕ್ಷೆಯ ಪ್ರಮಾಣಪತ್ರ ಕೇಳಿ. ಬಾಗಿಲು ಬಿಟ್ಟು ಇನ್ನೊಂದು ದಾರಿ ಯಾವುದು ಅಂತ ಕೇಳಿ, ಆ ದಾರಿಯಲ್ಲಿ ನಿಮ್ಮ ಮನೆಯ ಹಿರಿಯರು ನಿಜವಾಗಿ ಇಳಿಯಬಲ್ಲರಾ ನೋಡಿ. ಮಂಡಿನೋವಿನ ಅತ್ತೆಗೆ ಕಿಟಕಿ ದಾಟು ಅನ್ನೋದು ಉತ್ತರವಲ್ಲ.

ಕಾಗದ ಏನು ಹೇಳುತ್ತೆ, ಏನು ಹೇಳಲ್ಲ

ನಮ್ಮ ದೇಶದಲ್ಲಿ ಮೋಟಾರ್ ಕ್ಯಾರವಾನಿಗೆ ಎಐಎಸ್-124 ಅನ್ನೋ ಪ್ರತ್ಯೇಕ ಮಾನದಂಡ ಇದೆ. ಮಾದರಿ ಗಾಡಿಯನ್ನು ಪುಣೆಯ ಎಆರ್‌ಎಐನಂಥ ಅಧಿಕೃತ ಸಂಸ್ಥೆ ಪರೀಕ್ಷಿಸಿ ಅನುಮೋದನೆ ಕೊಡುತ್ತೆ. ಬಿಲ್ಡರ್ ಬಳಿ ನೀವು ಕೊಳ್ಳುತ್ತಿರುವ ಮಾದರಿಗೇ ಆ ಪತ್ರ ಇದೆಯಾ, ಆರ್‌ಸಿಯಲ್ಲಿ ಗಾಡಿಯ ವರ್ಗ ಕ್ಯಾರವಾನ್ ಅಂತಲೇ ಬರುತ್ತಾ ಖಚಿತಪಡಿಸಿಕೊಳ್ಳಿ.

"ಟೆಂಪೋ ಟ್ರಾವೆಲರ್ ತಗೊಳ್ಳಿ, ಗ್ಯಾರೇಜಲ್ಲಿ ಅರ್ಧ ರೇಟಿಗೆ ಮಾಡಿಸ್ಕೊಡ್ತೀನಿ" ಅನ್ನೋರು ಇರ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಮಾಲೀಕರು ಮನಸ್ಸಿಗೆ ಬಂದಂತೆ ಗಾಡಿ ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ 182ಎ ಸೆಕ್ಷನ್ ಅಕ್ರಮ ಬದಲಾವಣೆಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂ. ದಂಡ, ಅಥವಾ ಎರಡನ್ನೂ ಹೇಳುತ್ತೆ. ಅದಕ್ಕಿಂತ ದೊಡ್ಡ ಹೊಡೆತ ಇನ್ಶೂರೆನ್ಸ್ ಕ್ಲೇಮ್ ಹೊತ್ತಿಗೆ ಬೀಳಬಹುದು.

ಆದರೆ ಕಾಗದ ಸರಿ ಇದ್ದ ಮಾತ್ರಕ್ಕೆ ಗಾಡಿ ಸರಿ ಇದೆ ಅಂತಲ್ಲ. ಅನುಮೋದನೆ ಸಿಗೋದು ಮಾದರಿಗೆ. ಆಮೇಲೆ ಬರುವ ಹದಿನಾಲ್ಕನೇ ಗಾಡಿಗೆ ಶನಿವಾರ ಸಂಜೆ ಅವಸರದಲ್ಲಿ ಸೀಲೆಂಟ್ ಹಚ್ಚಿದ್ದು ಆ ಪತ್ರದಲ್ಲಿ ಕಾಣಲ್ಲ. ಸರ್ಕಾರ ಇಲ್ಲಿ ಸುಲಭವಾಗಿ ಮಾಡಬಹುದಾದ ಕೆಲಸ ಒಂದಿದೆ. ಹೀಗೆ ಬಾಡಿ ಕಟ್ಟಿದ ಪ್ರತಿ ಗಾಡಿಗೂ ನೋಂದಣಿ ಹೊತ್ತಿಗೆ ವೇಬ್ರಿಡ್ಜ್ ಚೀಟಿ, ನೀರಿನ ಪರೀಕ್ಷೆ, ವೈರಿಂಗ್ ನಕ್ಷೆ, ಈ ಮೂರನ್ನು ಕಡ್ಡಾಯ ಮಾಡಲಿ. ಒಳ್ಳೆಯ ಬಿಲ್ಡರಿಗೆ ಇದರಿಂದ ನಷ್ಟವಿಲ್ಲ. ಅವಸರದವರ ಗಾಡಿ ಜನರ ಕೈಗೆ ಬರುವ ಮುಂಚೆಯೇ ಸಿಕ್ಕಿಬೀಳುತ್ತೆ.

ದುಡ್ಡು ಕೊಡುವ ಕ್ರಮ

ಅಲ್ಲೀವರೆಗೆ ನಮ್ಮ ರಕ್ಷಣೆ ನಮ್ಮ ಕೈಯಲ್ಲೇ. ಪೂರ್ತಿ ದುಡ್ಡು ಮೊದಲೇ ಕೊಡಬೇಡಿ. ಶೇ 10ರಷ್ಟನ್ನಾದರೂ ಪರೀಕ್ಷೆ ಮುಗಿಯುವವರೆಗೆ ಉಳಿಸಿಕೊಳ್ಳುವ ಷರತ್ತನ್ನು ಒಪ್ಪಂದದಲ್ಲೇ ಬರೆಸಿ. ಡೆಲಿವರಿಗೆ ಮುಂಚೆ ಒಂದು ರಾತ್ರಿ ಅವರ ಯಾರ್ಡಿನಲ್ಲೇ ಗಾಡಿಯೊಳಗೆ ಮಲಗಿ. ಅಡುಗೆ ಮಾಡಿ, ಸ್ನಾನ ಮಾಡಿ, ಎಲ್ಲ ಬಳಸಿ. ಕಂಡ ದೋಷವನ್ನೆಲ್ಲ ಬರೆದು ಇಬ್ಬರೂ ಸಹಿ ಹಾಕಿ. ಬಾಡಿ ಕೆಲಸದಿಂದ ಚಾಸಿ ವಾರಂಟಿಗೆ ಧಕ್ಕೆ ಇಲ್ಲ ಅಂತ ಬಿಲ್ಡರಿಂದ ಬರೆಸಿಕೊಳ್ಳಿ. ಮೊದಲ ಸಾವಿರ ಕಿಲೋಮೀಟರ್ ಓಡಿದ ಮೇಲೆ ಬೋಲ್ಟು, ಕೀಲು, ಸೀಲೆಂಟ್ ಎಲ್ಲ ಉಚಿತವಾಗಿ ಮರುಪರೀಕ್ಷೆ ಮಾಡಿಕೊಡುವ ಮಾತೂ ಅದರಲ್ಲಿರಲಿ.

ಅಷ್ಟಾಗಿಯೂ ಮೋಸವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ಸಾಕು. ಗಾಡಿ ಎಲ್ಲೇ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದ್ರೆ ದಿಬ್ಬೂರಹಳ್ಳಿಯವರು ಚಿಕ್ಕಬಳ್ಳಾಪುರಕ್ಕೆ ಹೋದರೆ ಆಯಿತು. ಎರಡು ವರ್ಷದೊಳಗೆ ಕೊಡಬೇಕು. ಬಾಡಿಗೆಗೆ ಬಿಡುವ ವ್ಯಾಪಾರಕ್ಕೆ ಕೊಂಡರೆ, ಅದು ಹೊಟ್ಟೆಪಾಡಿನ ಸ್ವಯಂ ಉದ್ಯೋಗ ಅಂತ ತೋರಿಸಬೇಕಾಗುತ್ತೆ. ಸಹಾಯವಾಣಿ 1915. ಸಹಿ ಹಾಕಿದ ದೋಷಪಟ್ಟಿ, ವೇಬ್ರಿಡ್ಜ್ ಚೀಟಿ, ನೀರು ಸೋರಿದ ವಿಡಿಯೊ ಇದ್ದರೆ ನಿಮ್ಮ ಕೇಸಿಗೆ ಕಾಲು ಬಂದ ಹಾಗೆ.

ಆ ದಿನ ಹನಿ ಬಿದ್ದ ಮೇಲೆ ಶೆಡ್ಡಿನವರು "ಸಿಲಿಕಾನ್ ಹಚ್ಚಿ ಕೊಡ್ತೀವಿ ಸಾರ್, ಐದು ನಿಮಿಷ" ಅಂದರು. ಎಲ್ಲಿಂದ ಸೋರಿದ್ದು ಅಂತ ಹುಡುಕದೆ ಎಲ್ಲಿ ಹಚ್ತೀರಿ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಮಾವ ಚೆಕ್ಕನ್ನು ಜೇಬಲ್ಲೇ ಇಟ್ಟುಕೊಂಡು ಬಂದರು. ಈಗ ಬೇರೆ ಬಿಲ್ಡರ್ ಹತ್ತಿರ ಮಾತು ನಡೀತಿದೆ. ಅವರು ನೀರಿನ ಪರೀಕ್ಷೆಗೂ, ಶೇ 10 ಉಳಿಸಿಕೊಳ್ಳೋಕೂ ಒಪ್ಪಿದ್ದಾರೆ, ಆದರೆ ಐದು ತಿಂಗಳು ಕಾಯಬೇಕು ಅಂದಿದ್ದಾರೆ.

ಅಷ್ಟರೊಳಗೆ ಬಾಡಿಗೆ ಕ್ಯಾರವಾನ್ ತಗೊಂಡು ಮೂರು ದಿನ ತಿರುಪತಿಗೆ ಹೋಗಿಬರೋಣ ಅಂತ ನಾನೇ ಹೇಳಿದೆ. ಮೂವತ್ತು ಲಕ್ಷ ಹಾಕೋ ಮುಂಚೆ ಈ ಬದುಕು ಅವರಿಗೆ ಒಗ್ಗುತ್ತಾ ಅಂತ ಗೊತ್ತಾಗಬೇಕಲ್ಲ. ಅತ್ತೆ ಆಗಲೇ ಒಂದು ಪಟ್ಟಿ ಮಾಡಿದ್ದಾರೆ: ಶೌಚಾಲಯದಲ್ಲಿ ಎರಡೂ ಕಡೆ ಹಿಡಿ, ಹಾಸಿಗೆ ಮಂಡಿ ಎತ್ತರಕ್ಕೆ, ಮೆಟ್ಟಿಲು ತಗ್ಗು. ಟಿವಿ ಬೇಡವಂತೆ.